ರಾತ್ರಿ ಪಾಳಿಯಲ್ಲಿ ನೀರು ಕಟ್ಟುವವರಿಗೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಸರಿಹೊತ್ತಿನಲ್ಲಿ ಎದ್ದು ಮೋಟಾರು ಹಾಕಲು ಗದ್ದೆಗೆ ಹೋಗುವ ಅಣ್ಣಂದಿರಿಗೆ, ರೇಷ್ಮೆಹುಳುವಿಗೆ ರಾತ್ರಿ ಸೊಪ್ಪು ಹಾಕಿ ಆಮೇಲೆ ಮಲಗುವ ಅಕ್ಕಂದಿರಿಗೆ, ಆಲೆಮನೆಯ ಒಲೆ ಕಾಯುವ ತಮ್ಮಂದಿರಿಗೆ ನಮಸ್ಕಾರ.

ಹೋದ ವರ್ಷ ಕಾರ್ತಿಕದ ಕೊನೆಯಲ್ಲಿ ಒಂದು ರಾತ್ರಿ, ಹಲಗೂರು ಕಡೆಯ ಒಂದು ದಿಬ್ಬದ ಮೇಲೆ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿಕೊಂಡು ಕೂತಿದ್ದೆ. ನಿಮ್ಮಲ್ಲಿ ನಾಲ್ಕೈದು ಜನ ಬಂದು ಮುಖಕ್ಕೆ ಟಾರ್ಚು ಬಿಟ್ಟಿರಿ. "ಯಾರಪ್ಪಾ ಅದು?" ಎಂದು ಒಬ್ಬರು ಕೇಳಿದರು. "ರೋಡಿಗೆ ಜಮೀನು ಅಳೆಯಕ್ಕೆ ಬಂದವ್ರಾ?" ಎಂದು ಇನ್ನೊಬ್ಬರು. ಹಿಂದಿನಿಂದ ಯಾರೋ ಮೆಲ್ಲಗೆ, "ನಿಧಿ ತೆಗೆಯೋರು ಇರಬೇಕು ಕಣಣ್ಣ" ಎಂದರು. ಆ ಅನುಮಾನ ತಪ್ಪೆಂದು ನಾನು ಹೇಳಲಾರೆ. ಹೆದ್ದಾರಿಗೆ ಗದ್ದೆ ಬಿಟ್ಟುಕೊಟ್ಟ ಊರುಗಳ ನಡುವೆ ಬದುಕುವವರು ಮೂರು ಕಾಲಿನ ಸ್ಟ್ಯಾಂಡು ಕಂಡರೆ ಎದೆ ಝಲ್ಲೆನ್ನದೆ ಇರುತ್ತದೆಯೆ? ಊರಿನಲ್ಲಿ ಒಂದು ಮಾತು ಹೇಳಿ ಬರಬೇಕಿತ್ತು. ಹೇಳದೆ ಬಂದದ್ದಕ್ಕೆ ಕ್ಷಮೆ ಕೇಳುತ್ತೇನೆ. ಅವತ್ತು ಗಡಿಬಿಡಿಯಲ್ಲಿ ಅರ್ಧಕ್ಕೇ ನಿಂತ ಮಾತನ್ನು ಪೂರ್ತಿ ಮಾಡಲೆಂದೇ ಈ ಪತ್ರ. ಕೊನೆಯಲ್ಲಿ ಒಂದು ಕೋರಿಕೆಯೂ ಇದೆ.

ಅವತ್ತು ನಿಮ್ಮಲ್ಲಿ ಒಬ್ಬ ಹಿರಿಯರು ಆ ಸ್ಟ್ಯಾಂಡಿನ ಮೇಲಿದ್ದ ನನ್ನ ದೂರದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ತಲೆಯೆತ್ತಿ, "ದೂರದಲ್ಲಿ ಆಲೆಮನೆ ಹೊಗೆ ಎದ್ದಂಗದೆ ಮೇಷ್ಟ್ರೇ" ಎಂದರು. ಆ ಮಾತು ನನಗೆ ಇವತ್ತಿಗೂ ನೆನಪಿದೆ, ಏಕೆಂದರೆ ಕಂಡದ್ದನ್ನು ಕಂಡ ಹಾಗೆ ಹೇಳಿದ ಮಾತು ಅದು. ಕ್ರಿ.ಶ. 964ರ ಸುಮಾರಿಗೆ ಪರ್ಷಿಯಾದ ಅಲ್-ಸೂಫಿ ಎಂಬ ಪಂಡಿತ ತನ್ನ ನಕ್ಷತ್ರಗಳ ಪುಸ್ತಕದಲ್ಲಿ ಆಕಾಶದ ಇದೇ ಜಾಗಕ್ಕೆ "ಪುಟ್ಟ ಮೋಡ" ಎಂದು ಗುರುತು ಹಾಕಿದ್ದ. ಅವನ ಕೈಯಲ್ಲಿ ಗಾಜಿನ ಚೂರೂ ಇರಲಿಲ್ಲ. ಬರಿಗಣ್ಣು ಮತ್ತು ಕತ್ತಲೆ, ಅಷ್ಟೇ.

ಹಿರಿಯರು ಹೊಗೆ ಎಂದದ್ದು, ಸೂಫಿ ಮೋಡ ಎಂದದ್ದು ದೇವಯಾನಿ ಗೆಲಾಕ್ಸಿ. ಕನ್ನಡದ ಕೆಲವು ಪುಸ್ತಕಗಳಲ್ಲಿ ಅದು ಇರುವ ನಕ್ಷತ್ರಪುಂಜಕ್ಕೆ ದ್ರೌಪದಿ ಎಂಬ ಹೆಸರೂ ಉಂಟು. ನಮ್ಮ ಸೂರ್ಯ ಇರುವುದು ಆಕಾಶಗಂಗೆ ಎಂಬ ನಕ್ಷತ್ರಗಳ ಮಹಾ ಹಿಂಡಿನಲ್ಲಿ. ಆ ಹಿಂಡಿನ ಆಕಾರ ಚಪ್ಪಟೆ ತಟ್ಟೆಯದು, ನಡುವಿನಿಂದ ಚಕ್ಕುಲಿಯ ಹಾಗೆ ಸುತ್ತಿಕೊಂಡು ಹೊರಟ ತೋಳುಗಳು. ದೇವಯಾನಿಯೂ ಅಂಥದ್ದೇ ಇನ್ನೊಂದು ಚಕ್ಕುಲಿ. ಇಲ್ಲಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ, ಬೆಳಕೇ 25 ಲಕ್ಷ ವರ್ಷ ನಡೆಯುವಷ್ಟು. ಅಂದರೆ ಅವತ್ತು ಆ ಹಿರಿಯರ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ಭೂಮಿಯ ಮೇಲೆ ನಮ್ಮಂಥ ಮನುಷ್ಯರೇ ಇರಲಿಲ್ಲ. ನಮ್ಮ ದೂರದ ಪೂರ್ವಿಕರು ಆಫ್ರಿಕಾದಲ್ಲಿ ಕಲ್ಲು ಒಡೆದು ಹತಾರ ಮಾಡುತ್ತಿದ್ದರು. ಅಷ್ಟು ದೂರ ನಡೆದು ಬಂದ ಬೆಳಕು ಕೊನೆಗೆ ಇಳಿದದ್ದು ಮಳವಳ್ಳಿ ತಾಲ್ಲೂಕಿನ ಒಂದು ರಾಗಿ ಹೊಲದಲ್ಲಿ ನಿಂತ ಮನುಷ್ಯನ ಕಣ್ಣಿಗೆ.

ಇಷ್ಟು ದೂರದ್ದು ನೋಡಲು ನಾನು ಮೊದಲು ಹತ್ತಿದ್ದು ಮಂಡ್ಯದ ನನ್ನ ಮನೆಯ ತಾರಸಿ. ಆರು ಇಂಚಿನ ಕನ್ನಡಿಯ ದೂರದರ್ಶಕವನ್ನು ಸೆಕೆಂಡ್ ಹ್ಯಾಂಡಲ್ಲಿ ಕೊಂಡು, ಮೂರು ತಿಂಗಳು ಪ್ರತಿ ಶನಿವಾರ ಹುಡುಕಿದೆ. ಸಿಗಲಿಲ್ಲ. ನಕಾಶೆ ಸರಿ ಇತ್ತು, ಕನ್ನಡಿ ಸರಿ ಇತ್ತು. ಆಕಾಶ ಮಾತ್ರ ಗಂಜಿ ಚೆಲ್ಲಿದ ಹಾಗೆ ಬೆಳ್ಳಗಿತ್ತು. ದಾರಿ ತೋರಿಸುವ ಸಣ್ಣ ನಕ್ಷತ್ರಗಳೇ ಆ ಬೆಳ್ಳಗಿನಲ್ಲಿ ಮುಳುಗಿದ್ದವು. ಆಮೇಲೆ ಮದ್ದೂರಿನ ಆಚೆ ಶಿಂಷಾ ಹೊಳೆಯ ಬದಿಗೆ ಹೋದೆ. ಅಲ್ಲಿ ಕಂಡಿತು, ಆದರೆ ತಟ್ಟೆಯ ನಡುವೆ ಉಬ್ಬಿದ ಗುಡ್ಡೆ ಮಾತ್ರ, ಎಣ್ಣೆ ತಾಗಿದ ಕಾಗದದ ಕಲೆಯಷ್ಟು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ ಆ ದಿಕ್ಕಿನ ದೀಪಗಳು ನನ್ನ ಪಾಲಿಗೆ ಹೆಚ್ಚಾದವು. ಹೀಗೆ ಕತ್ತಲೆಯನ್ನು ಅರಸುತ್ತ ಅರಸುತ್ತ ನಿಮ್ಮ ಕಡೆಗೆ ಬಂದೆ. ನೀವು ದಿನಾ ರಾತ್ರಿ ಕಾಲಿಟ್ಟು ನಡೆಯುವ ಕತ್ತಲೆ ಅದು, ಮಂಡ್ಯದಲ್ಲಿ ದುಡ್ಡು ಕೊಟ್ಟರೂ ಸಿಗದು.

ಹುಡುಕುವ ದಾರಿ ಹೇಳುತ್ತೇನೆ, ದೂರದರ್ಶಕ ಬೇಡ. ಕಾರ್ತಿಕದ ಕೊನೆಯಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ನೆತ್ತಿಯ ಮೇಲೆ ನೋಡಿ. ತುಸು ಪಡುವಣಕ್ಕೆ ವಾಲಿದಂತೆ ನಾಲ್ಕು ನಕ್ಷತ್ರಗಳ ದೊಡ್ಡದೊಂದು ಚೌಕ ಕಾಣುತ್ತದೆ. ಪಡುವಣದ ಎರಡು ಪೂರ್ವಾಭಾದ್ರೆ, ಮೂಡಣದ ಎರಡು ಉತ್ತರಾಭಾದ್ರೆ. ಪಂಚಾಂಗದಲ್ಲಿ ನೀವು ಕೇಳಿರುವ ಹೆಸರುಗಳೇ. ಉತ್ತರಾಭಾದ್ರೆಯ ಎರಡರಲ್ಲಿ ಬಡಗಣದ್ದನ್ನು ಹಿಡಿಯಿರಿ. ತೋಳು ನೀಡಿ ಮುಷ್ಟಿ ಕಟ್ಟಿದರೆ ಒಂದು ಮುಷ್ಟಿಯ ಅಗಲ ಆಕಾಶದಲ್ಲಿ ಹತ್ತು ಡಿಗ್ರಿ. ಅಲ್ಲಿಂದ ಈಶಾನ್ಯಕ್ಕೆ ಒಂದೂವರೆ ಮುಷ್ಟಿ ನಡೆದರೆ, ನಡುವೆ ಒಂದು ಮಂಕು ನಕ್ಷತ್ರ ದಾಟಿ, ಸ್ವಲ್ಪ ಕೆಂಪಗಿನ ಪ್ರಕಾಶದ ನಕ್ಷತ್ರ ಸಿಗುತ್ತದೆ. ಅದರ ಹತ್ತಿರ ನಿಂತು ವಾಯವ್ಯಕ್ಕೆ ತಿರುಗಿ. ಮಂಕಾದ ಒಂದು ನಕ್ಷತ್ರ, ಇನ್ನೂ ಮಂಕಾದ ಮತ್ತೊಂದು. ಆ ಎರಡನೆಯದರ ಪಕ್ಕದಲ್ಲೇ ಆಲೆಮನೆಯ ಹೊಗೆ. ನೇರ ದಿಟ್ಟಿಸಬೇಡಿ, ಒಂದಿಷ್ಟು ಪಕ್ಕಕ್ಕೆ ಕಣ್ಣಿಡಿ. ಕತ್ತಲೆಯಲ್ಲಿ ಕಣ್ಣಿನ ಅಂಚು ನಡುವಿಗಿಂತ ಚುರುಕು. ಇಪ್ಪತ್ತು ನಿಮಿಷ ಮೊಬೈಲು ತೆಗೆಯದೆ ಇದ್ದರೆ ಸಾಕು, ತಾನಾಗಿ ತೋರುತ್ತದೆ. ಹೀಗೆ ಕೈಹಿಡಿದು ಆಕಾಶದಲ್ಲಿ ನಡೆಸುವುದನ್ನು ನನಗೆ ಕಲಿಸಿದ್ದು ಮೈಸೂರಿನ ಜಿ.ಟಿ. ನಾರಾಯಣರಾಯರ "ನೋಡೋಣು ಬಾರಾ ನಕ್ಷತ್ರ". ನಿಮ್ಮೂರ ಶಾಲೆಯ ಕಪಾಟಿನಲ್ಲಿ ಇದ್ದರೆ ತೆಗೆಸಿ ಓದಿಸಿ.

ನಕ್ಷತ್ರದ ಹೆಸರುಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಶ್ವಿನಿ ಮಳೆಯಿಂದ ಸ್ವಾತಿ, ವಿಶಾಖೆವರೆಗೆ ಯಾವುದು ಹೊಯ್ದರೆ ಯಾವ ಬೆಳೆ ಎಂಬುದು ನಿಮ್ಮ ನಾಲಿಗೆಯ ಮೇಲಿದೆ. ಒಂದು ಸಂಗತಿ ಮಾತ್ರ ನಮ್ಮ ಮನೆಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. ಚಿತ್ತೆ ಮಳೆ ಅಂದರೆ ಸೂರ್ಯ ಚಿತ್ತೆ ನಕ್ಷತ್ರದ ನೆರೆಗೆ ಬಂದ ಕಾಲ. ಆದ್ದರಿಂದ ಮಳೆ ಹೊಯ್ಯುವ ಆ ಅಕ್ಟೋಬರ್‌ನಲ್ಲಿ ಚಿತ್ತೆ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮರೆಯಾಗಿರುತ್ತದೆ. ಅದನ್ನು ರಾತ್ರಿ ಕಣ್ತುಂಬ ನೋಡುವುದು ಮಳೆಯಿಲ್ಲದ ಬೇಸಿಗೆಯಲ್ಲಿ. ಮಳೆಗಾಲ ಪೂರ್ತಿ ನಾವು ಕರೆಯುವ ಹೆಸರುಗಳೆಲ್ಲ ಆರು ತಿಂಗಳ ಆಚೆ, ನೀವು ಬೇಸಿಗೆ ಬೆಳೆಗೆ ನೀರು ಕಟ್ಟುವ ರಾತ್ರಿಗಳಲ್ಲಿ ತಲೆಯ ಮೇಲೆ ನಿಂತಿರುತ್ತವೆ. ಹುಬ್ಬೆ ಮಳೆಯ ನಕ್ಷತ್ರವನ್ನೇ ತೆಗೆದುಕೊಳ್ಳಿ. ಸಿಂಹರಾಶಿಯ ಹಿಂಭಾಗದಲ್ಲಿ ಅದರದ್ದು ಎರಡು ನಕ್ಷತ್ರ. ಯುಗಾದಿ ಕಳೆದ ಮೇಲೆ ಅವುಗಳಲ್ಲಿ ತೆಂಕಣದ್ದರ ಕೆಳಗೆ ನನ್ನ ಆರು ಇಂಚಿನ ಕನ್ನಡಿ ಹಿಡಿದರೆ ಎರಡು ಸುರುಳಿ ಗೆಲಾಕ್ಸಿಗಳು ಒಟ್ಟಿಗೆ ಕಾಣುತ್ತವೆ, ಜೋಡಿ ರೇಷ್ಮೆಗೂಡುಗಳ ಹಾಗೆ. ಹುಬ್ಬೆ ಎಂಬ ಹೆಸರು ಹಿಡಿದೇ ಸುಮಾರು ಮೂರೂವರೆ ಕೋಟಿ ಜ್ಯೋತಿರ್ವರ್ಷದ ಆಚೆಗೆ ಹೋಗಿ ಮುಟ್ಟಬಹುದು.

ಇನ್ನು ಫೋಟೊ. ಗೆಲಾಕ್ಸಿಯ ಬೆಳಕು ಎಷ್ಟು ಮಂಕೆಂದರೆ ಕ್ಯಾಮೆರಾದ ಬಾಯಿ ತುಂಬ ಹೊತ್ತು ತೆರೆದಿರಬೇಕು. ಅಷ್ಟರಲ್ಲಿ ಭೂಮಿ ತಿರುಗಿ ನಕ್ಷತ್ರ ಗೆರೆಯಾಗಿಬಿಡುತ್ತದೆ. ಅದಕ್ಕೆ ದೂರದರ್ಶಕವನ್ನು ಒಂದು ಸಣ್ಣ ಮೋಟಾರು ಆಕಾಶದ ಜೊತೆಗೇ ತಿರುಗಿಸುತ್ತ ಹೋಗುತ್ತದೆ. ಆ ಮೋಟಾರಿನ ಅಚ್ಚು ಧ್ರುವ ನಕ್ಷತ್ರದ ಕಡೆಗೆ ನೆಟ್ಟಿರಬೇಕು. ನಮ್ಮ ಸೀಮೆಯ ನಿಜವಾದ ಕಷ್ಟ ಇಲ್ಲೇ. ಯಾವ ಊರಿನಿಂದ ನೋಡಿದರೂ ಧ್ರುವ ಎಷ್ಟು ಎತ್ತರದಲ್ಲಿ ಕಾಣುತ್ತದೆಂಬುದು ಆ ಊರಿನ ಅಕ್ಷಾಂಶದಷ್ಟೇ. ದೆಹಲಿಯವರಿಗೆ ಅದು ಆಕಾಶದಲ್ಲಿ ಮೂರು ಮುಷ್ಟಿ ಮೇಲೆ. ಮಂಡ್ಯಕ್ಕೆ ಬರೀ ಹನ್ನೆರಡೂವರೆ ಡಿಗ್ರಿ, ಒಂದೂಕಾಲು ಮುಷ್ಟಿ. ಮದ್ದೂರಿನ ಸುತ್ತ ಎತ್ತ ನಿಂತರೂ ಬಡಗಣಕ್ಕೆ ತೆಂಗಿನ ತೋಟ, ಧ್ರುವ ಸರಿಯಾಗಿ ಗರಿಗಳ ಹಿಂದೆ. ತೆಂಗು ಕಾಣದ ಬಡಗಣವನ್ನು ಹುಡುಕಿ ಹುಡುಕಿಯೇ ನಾನು ಆ ದಿಬ್ಬಕ್ಕೆ ಬಂದು ಕೂತದ್ದು, ನಿಮ್ಮ ಟಾರ್ಚಿಗೆ ಸಿಕ್ಕಿಬಿದ್ದದ್ದು.

ಒಂದು ಫೋಟೊಗೆ 30 ಸೆಕೆಂಡು, ಅಂಥವು ನೂರು. ಒಟ್ಟು 50 ನಿಮಿಷದ ಬೆಳಕು. ಆಮೇಲೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ನೂರನ್ನೂ ಒಂದರ ಮೇಲೊಂದು ಕೂರಿಸಬೇಕು. ಒಂದೊಂದರಲ್ಲೂ ಮರಳಿನಂಥ ಕಾಳುಕಾಳು ಇರುತ್ತದೆ. ನೂರು ಸೇರಿದಾಗ ಮರಳು ಅಡಗಿ ಚಿತ್ರ ನಿಲ್ಲುತ್ತದೆ. ರಾಶಿಯನ್ನು ಮತ್ತೆ ಮತ್ತೆ ತೂರಿ ಕಾಳು ಉಳಿಸಿಕೊಳ್ಳುವ ಹಾಗೆ ಈ ಕೆಲಸ, ಗಾಳಿಗೆ ಕಾಯುವ ತಾಳ್ಮೆಯೂ ಅಷ್ಟೇ ಬೇಕು. ದೇವಯಾನಿ ಆಕಾಶದಲ್ಲಿ ಮೂರು ಡಿಗ್ರಿಗೂ ಉದ್ದ. ಹುಣ್ಣಿಮೆ ಚಂದ್ರನನ್ನು ಆರು ಸಲ ಸಾಲಾಗಿ ಇಟ್ಟಷ್ಟು. ನನ್ನ ದೂರದರ್ಶಕದ ಚೌಕಟ್ಟಿಗೆ ಅದು ಪೂರ್ತಿ ಹಿಡಿಸುವುದಿಲ್ಲ. ನಡುವಿನ ಗುಡ್ಡೆ, ಅದರ ಇಕ್ಕೆಲದಲ್ಲಿ ಎರಡು ಮರಿ ಗೆಲಾಕ್ಸಿಗಳು, ಸುತ್ತಿದ ತೋಳಿನ ಒಂದಿಷ್ಟು ಭಾಗ, ಇಷ್ಟು ಸಿಗುತ್ತದೆ.

ಅವತ್ತು ನಲವತ್ತು ಫೋಟೊ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ನಿಮ್ಮ ಮೋಟಾರುಗಳ ಸದ್ದು ಒಂದೊಂದಾಗಿ ಅಡಗಿತು. ನಿಮಗೆ ಅದು ಏನೆಂದು ಗೊತ್ತು. ಅರ್ಧ ಗದ್ದೆ ಒಣಗೇ ಉಳಿದು, ಮತ್ತೆ ಯಾವಾಗ ಬರುತ್ತದೋ ಎಂದು ಬದುವಿನ ಮೇಲೆ ಕಾಯುವುದು. ಅದರಲ್ಲಿ ಸಂತೋಷ ಪಡುವಂಥದ್ದು ನನಗೇನೂ ಇರಲಿಲ್ಲ. ಆದರೆ ನನ್ನ ಸಲಕರಣೆ ನಡೆಯುತ್ತಿದ್ದದ್ದು ಬ್ಯಾಟರಿಯ ಮೇಲೆ, ಅದು ನಿಲ್ಲಲಿಲ್ಲ. ಹೊಲದಂಚಿನ ಪಂಪ್‌ಹೌಸುಗಳ ಫೋಕಸ್ ಲೈಟು, ಊರಿನ ಕಂಬಗಳು, ಎಲ್ಲ ಆರಿದ್ದವು. ಅರವತ್ತು ಫೋಟೊ ಆ ಕತ್ತಲೆಯಲ್ಲಿ ಬಂದವು. ಇಬ್ಬನಿ ಇಳಿಯುತ್ತಿತ್ತು, ಕೊಳವೆಗೆ ಟವೆಲು ಸುತ್ತಿದ್ದೆ. ಮನೆಗೆ ಬಂದು ಮೊದಲಿನ ನಲವತ್ತನ್ನು ಒಂದು ಕಡೆ, ಆಮೇಲಿನ ಅರವತ್ತರಲ್ಲಿ ನಲವತ್ತನ್ನು ಇನ್ನೊಂದು ಕಡೆ ಬೇರೆ ಬೇರೆ ಕೂಡಿಸಿ ಅಕ್ಕಪಕ್ಕ ಇಟ್ಟೆ. ಮೊದಲನೆಯದರಲ್ಲಿ ಗುಡ್ಡೆಯ ಸುತ್ತ ಬರೀ ಬೂದಿ ಬಣ್ಣ. ಎರಡನೆಯದರಲ್ಲಿ ಗುಡ್ಡೆಯ ಒಂದು ಮಗ್ಗುಲಲ್ಲಿ ಎರಡು ಕಪ್ಪು ಗೆರೆಗಳು ಬಾಗಿ ಹೋಗಿದ್ದವು, ನೇಗಿಲು ಹೊಡೆದ ಸಾಲಿನ ಹಾಗೆ ಒಂದರ ಪಕ್ಕ ಒಂದು. ಅವು ಸುರುಳಿ ತೋಳುಗಳ ನಡುವಿನ ದೂಳಿನ ಸಾಲುಗಳು. ಅದೇ ಕನ್ನಡಿ, ಅದೇ ಕ್ಯಾಮೆರಾ, ಅದೇ ರಾತ್ರಿ. ನಡುವೆ ಬದಲಾದದ್ದು ದೀಪಗಳಷ್ಟೇ.

ಈ ಸುರುಳಿಯನ್ನು ಮೊದಲು ಫೋಟೊದಲ್ಲಿ ಹಿಡಿದವನು ಇಂಗ್ಲೆಂಡಿನಲ್ಲಿದ್ದ ಐಸಾಕ್ ರಾಬರ್ಟ್ಸ್. 1888ರಲ್ಲಿ, 20 ಇಂಚಿನ ಕನ್ನಡಿಯಿಂದ. ತಾನು ನೋಡುತ್ತಿರುವುದು ಹೊಸದಾಗಿ ಹುಟ್ಟುತ್ತಿರುವ ಒಂದು ಸೌರವ್ಯೂಹ ಎಂದೇ ಅವನು ತಿಳಿದಿದ್ದ. ಅದು ನಮ್ಮ ಆಕಾಶಗಂಗೆಯ ಒಳಗಿನದಲ್ಲ, ಬೇರೆಯದೇ ಹಿಂಡು ಎಂದು ಖಚಿತವಾಗಲು ಇನ್ನೂ ಮೂವತ್ತೈದು ವರ್ಷ ಬೇಕಾಯಿತು. 1923ರ ಅಕ್ಟೋಬರ್‌ನಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದಲ್ಲಿ, 100 ಇಂಚಿನ ದೂರದರ್ಶಕದಿಂದ ತೆಗೆದ ಗಾಜಿನ ಫಲಕದಲ್ಲಿ ಎಡ್ವಿನ್ ಹಬಲ್ ಒಂದು ಚುಕ್ಕೆಯನ್ನು ಕಂಡ. ತಾನು ಮೊದಲು ಬರೆದ ಗುರುತನ್ನು ಹೊಡೆದುಹಾಕಿ, ಅದು ಬೆಳಗುತ್ತ ಕುಂದುತ್ತ ಇರುವ ನಕ್ಷತ್ರವೆಂದು ಪಕ್ಕದಲ್ಲಿ ಬರೆದ. ಅಂಥ ನಕ್ಷತ್ರದ ಬೆಳಗು-ಕುಂದಿನ ಅವಧಿಯಿಂದ ಅದರ ದೂರ ಲೆಕ್ಕ ಹಾಕಬಹುದು. ಅವನ ಲೆಕ್ಕಕ್ಕೆ ಸಿಕ್ಕ ದೂರ ಸುಮಾರು ಒಂಬತ್ತು ಲಕ್ಷ ಜ್ಯೋತಿರ್ವರ್ಷ, ಈಗ ಗೊತ್ತಿರುವುದಕ್ಕಿಂತ ಬಹಳ ಕಡಿಮೆ. ಆದರೂ ಆಕಾಶಗಂಗೆಯಿಂದ ಆಚೆಗೆ ತಳ್ಳಲು ಅಷ್ಟೇ ಸಾಕಾಗಿತ್ತು.

ಅದೇ ಬೆಟ್ಟದ ಮುಂದಿನ ಕಥೆ ನಮಗೆ ಬಹಳ ಹತ್ತಿರದ್ದು. ಬೆಟ್ಟದ ಕೆಳಗಿನ ಲಾಸ್ ಏಂಜಲೀಸ್ ನಗರ ಬೆಳೆಯಿತು, ದೀಪ ಬೆಳೆಯಿತು, ಆಕಾಶ ಬೆಳ್ಳಗಾಯಿತು. ಎರಡನೆಯ ಮಹಾಯುದ್ಧದಲ್ಲಿ ವೈಮಾನಿಕ ದಾಳಿಯ ಭಯಕ್ಕೆ ನಗರದ ದೀಪಗಳನ್ನು ಆರಿಸುತ್ತಿದ್ದರು. ಜರ್ಮನಿಯಿಂದ ಬಂದವನೆಂಬ ಕಾರಣಕ್ಕೆ ಆ ಬೆಟ್ಟದ ಖಗೋಳಜ್ಞ ವಾಲ್ಟರ್ ಬಾಡೆಯನ್ನು ಯುದ್ಧದ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ; ಅವನು ಆ ಕತ್ತಲೆಯಲ್ಲಿ ದೂರದರ್ಶಕದ ಮುಂದೆ ಕೂತ. ಅಲ್ಲಿಯವರೆಗೆ ಯಾರ ಫೋಟೊದಲ್ಲೂ ಬರೀ ಹೊಗೆಯಾಗಿದ್ದ ದೇವಯಾನಿಯ ನಡುಗುಡ್ಡೆ, 1943ರಲ್ಲಿ ಅವನ ಫಲಕದ ಮೇಲೆ ಬಿಡಿಬಿಡಿ ನಕ್ಷತ್ರಗಳಾಗಿ ಬಿಚ್ಚಿಕೊಂಡಿತು. ಆ ಕೆಲಸದಿಂದ ಮುಂದೆ ಹೊರಟ ದಾರಿಯಲ್ಲೇ ನಿಜವಾದ ದೂರ ಹಬಲ್ ಹೇಳಿದ್ದರ ಇಮ್ಮಡಿಗೂ ಹೆಚ್ಚೆಂದು ಗೊತ್ತಾಯಿತು. ಯುದ್ಧ ಮುಗಿದು ದೀಪಗಳು ಮತ್ತೆ ಹತ್ತಿದವು. ಆ 100 ಇಂಚಿನ ದೂರದರ್ಶಕವನ್ನು 1985ರಲ್ಲಿ ಕೆಲವು ವರ್ಷಗಳ ಮಟ್ಟಿಗೆ ಮುಚ್ಚಿಯೇಬಿಟ್ಟರು. ಗೆಲಾಕ್ಸಿಗಳ ದೂರ ತೋರಿಸಿಕೊಟ್ಟ ಬೆಟ್ಟಕ್ಕೆ ಗೆಲಾಕ್ಸಿಗಳೇ ಸರಿಯಾಗಿ ಕಾಣದಂತಾಗಿತ್ತು.

ನಮ್ಮ ಮಳವಳ್ಳಿ ತಾಲ್ಲೂಕಿಗೆ ಬೆಳಕಿನ ಜೊತೆ ಹಳೆಯ ನಂಟು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೆ ಮೊದಲ ವಿದ್ಯುದ್ದೀಪ ಹತ್ತಿದ್ದು ಇಲ್ಲಿಂದ ಹೋದ ಕರೆಂಟಿನಿಂದ. ನಮ್ಮ ಹೊಳೆ ಆ ಊರಿಗೆ ಬೆಳಕು ಕೊಟ್ಟಿತೆಂಬ ಹೆಮ್ಮೆ ನನಗೂ ಇದೆ. ಈಗ ಆ ದಿಬ್ಬದ ಮೇಲೆ ನಿಂತು ಈಶಾನ್ಯಕ್ಕೆ ತಿರುಗಿದರೆ, ನಡುರಾತ್ರಿಯಲ್ಲೂ ಬೆಳಗಾಗುತ್ತಿರುವಂತೆ ಒಂದು ಮಬ್ಬು ಬೆಳಕು ಅಂಚಿನಲ್ಲಿ ನಿಂತಿರುತ್ತದೆ. ಅದು ಬೆಂಗಳೂರು. ಅದನ್ನು ನೀವೂ ನಾನೂ ತಡೆಯಲಾರೆವು. ನಮ್ಮ ಊರಿನ ಕಂಬದ ಮೇಲಿನದ್ದು ಮಾತ್ರ ನಮ್ಮ ಕೈಯಲ್ಲಿದೆ, ನನ್ನ ಕೋರಿಕೆ ಅದರದ್ದು.

ದೀಪ ಬೇಡ ಎನ್ನುವ ಧೈರ್ಯ ನನಗಿಲ್ಲ, ಹಕ್ಕೂ ಇಲ್ಲ. ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕುವ ಸೀಮೆ ನಮ್ಮದು. ಹಾವು ಮೆಟ್ಟಿದವರ ಮನೆಗೆ ನಾನೂ ಹೋಗಿ ಬಂದಿದ್ದೇನೆ. ಹೆಣ್ಣುಮಕ್ಕಳು ರಾತ್ರಿ ಓಡಾಡುವ ಬೀದಿಗೆ ಬೆಳಕು ಬೇಕೇ ಬೇಕು. ನಾನು ಕೇಳುವುದು, ಆ ಬೆಳಕು ನೆಲಕ್ಕೆ ಬೀಳಲಿ. ಪಂಪ್‌ಹೌಸಿನ ಫೋಕಸ್ ಲೈಟನ್ನು ಬಗ್ಗಿಸಿ ಕಾಲುದಾರಿಗೆ ತಿರುಗಿಸಿದರೆ ಬದುವಿನ ಹಾವು ಈಗಿನದಕ್ಕಿಂತ ಚೆನ್ನಾಗಿ ಕಾಣುತ್ತದೆ. ದೂರಕ್ಕೆ ಕಣ್ಣು ಕುಕ್ಕುವ ದೀಪದ ಆಚೆಗಿನ ಕತ್ತಲೆಯಲ್ಲಿ ಚಿರತೆ ನಿಂತಿದ್ದರೂ ನಿಮಗೆ ಕಾಣದು. ಪಂಚಾಯ್ತಿಯಲ್ಲಿ ಹೊಸ ದೀಪದ ಮಾತು ಬಂದಾಗ, ಮೇಲೆ ಮುಚ್ಚಳ ಇರುವುದನ್ನು ಹಾಕಿಸಿ, ಅಚ್ಚ ಬಿಳಿಯ ಬದಲು ಹಳದಿ ಬೆಳಕಿನದ್ದನ್ನು ಕೇಳಿ. ಬಿಳಿ ಎಲ್‌ಇಡಿಯಲ್ಲಿ ನೀಲಿ ಹೆಚ್ಚು, ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರಿ ಆಕಾಶವನ್ನು ಬೆಳ್ಳಗೆ ಮಾಡುತ್ತದೆ.

ಇದರಲ್ಲಿ ನಿಮ್ಮ ಬೆಳೆಯ ಮಾತೂ ಇದೆ. ದೀಪದ ಬಲೆ ಕಟ್ಟಿ ಕಾಂಡಕೊರಕದ ಪತಂಗ ಹಿಡಿಯುವುದು ನಿಮಗೆ ಗೊತ್ತು. ಗದ್ದೆಯ ಅಂಚಿನಲ್ಲಿ ರಾತ್ರಿಯೆಲ್ಲ ಉರಿಯುವ ಫೋಕಸ್ ಲೈಟು ಕೂಡ ಹುಳವನ್ನು ಕರೆಯುತ್ತದೆ, ಹಿಡಿಯುವುದಿಲ್ಲ ಅಷ್ಟೇ. ಕೆಲವು ಭತ್ತದ ತಳಿಗಳು ಹಗಲು ಮೊಟಕಾದದ್ದನ್ನು ಅರಿತೇ ಹೊಡೆಯಾಗುವಂಥವು. ಅಂಥ ಪೈರಿಗೆ ರಾತ್ರಿ ದೀಪ ಬಿದ್ದರೆ ತೆನೆ ತಡವಾಗುತ್ತದೆ. ಜಪಾನಿನ ಗದ್ದೆಗಳಲ್ಲಿ ಬೀದಿದೀಪದ ಕೆಳಗಿನ ಪೈರು ಹಸುರಾಗಿಯೇ ಉಳಿದು, ಸುತ್ತಲಿನದು ಹಣ್ಣಾಗಿರುವುದನ್ನು ಕಂಡಿದ್ದಾರೆ.

ಊರಿನವರೇ ಕತ್ತಲೆ ಕಾಯ್ದುಕೊಂಡ ಜಾಗ ನಮ್ಮ ದೇಶದಲ್ಲೇ ಇದೆ, ಲಡಾಖಿನ ಹಾನ್ಲೆ. ಅಲ್ಲಿ 4,500 ಮೀಟರ್ ಎತ್ತರದಲ್ಲಿ ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ದೂರದರ್ಶಕ ಇದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಮೂಲಕ. 2022ರಲ್ಲಿ ಆ ಸುತ್ತಿನ ಹಳ್ಳಿಗಳನ್ನು ಸೇರಿಸಿ ಕತ್ತಲ ಆಕಾಶದ ರಕ್ಷಿತ ಪ್ರದೇಶ ಎಂದು ಘೋಷಿಸಿದರು. ಮನೆಯ ಕಿಟಕಿಗೆ ದಪ್ಪ ಪರದೆ, ದೀಪಕ್ಕೆ ಮುಚ್ಚಳ. ಊರಿನ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ದೂರದರ್ಶಕ ಕೊಟ್ಟಿದ್ದಾರೆ, ಬಂದವರಿಗೆ ಅವರೇ ಆಕಾಶ ತೋರಿಸುತ್ತಾರೆ. ನಮ್ಮದು ಹಾನ್ಲೆ ಅಲ್ಲ, ಇಲ್ಲಿ ಮೋಡ ಹೆಚ್ಚು, ಜನ ಹೆಚ್ಚು. ಆದರೂ ಮಳವಳ್ಳಿಯ ಕೆಲವು ದಿಬ್ಬಗಳ ಮೇಲೆ ಇನ್ನೂ ಬರಿಗಣ್ಣಿಗೆ ದೇವಯಾನಿ ಕಾಣುತ್ತದೆ. ಅದು ಕಾಣುವಷ್ಟು ಕತ್ತಲೆ ನಿಮ್ಮ ಮಕ್ಕಳ ಕಾಲಕ್ಕೂ ಇರಲಿ ಎಂಬುದಷ್ಟೇ ನನ್ನ ಆಸೆ.

ಈ ಸಲ ಕಾರ್ತಿಕದ ಅಮಾವಾಸ್ಯೆಯ ಹಿಂದಿನ ದಿನ, ಅಮಾವಾಸ್ಯೆ, ಮಾರನೆಯ ದಿನ, ಮೂರು ರಾತ್ರಿ ಎಂಟು ಗಂಟೆಯಿಂದ ನಾನು ಅದೇ ದಿಬ್ಬದ ಮೇಲೆ ಇರುತ್ತೇನೆ. ಊರಿನಲ್ಲಿ ಮೊದಲೇ ಹೇಳಿಯೇ ಬರುತ್ತೇನೆ. ಎರಡು ಗಂಟೆಯ ಮಟ್ಟಿಗೆ ಆ ಪಕ್ಕದ ಮೂರು ಪಂಪ್‌ಹೌಸುಗಳ ಫೋಕಸ್ ಲೈಟು ಆರಿಸಿಕೊಟ್ಟರೆ ದೊಡ್ಡ ಉಪಕಾರ. ಟಾರ್ಚು ತನ್ನಿ, ಅದರ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಕೆಂಪು ಬೆಳಕು ಕತ್ತಲೆಗೆ ಒಗ್ಗಿದ ಕಣ್ಣನ್ನು ಅಷ್ಟಾಗಿ ಕೆಡಿಸುವುದಿಲ್ಲ. ಇಬ್ಬನಿ ಇರುತ್ತದೆ, ಮಕ್ಕಳಿಗೆ ಕುಲಾವಿ ಹಾಕಿ. ಅವರ ಎತ್ತರಕ್ಕೆ ಸರಿಯಾಗಿ ನಿಲ್ಲಲು ಒಂದು ಸ್ಟೂಲು ತರುತ್ತೇನೆ. ಹೋದ ವರ್ಷ ಹೊಗೆ ಎಂದ ಹಿರಿಯರಿಗೆ ಆ ಎರಡು ಕಪ್ಪು ಗೆರೆಯ ಫೋಟೊವನ್ನು ಕಟ್ಟು ಹಾಕಿಸಿ ಇಟ್ಟಿದ್ದೇನೆ, ಅವರನ್ನು ತಪ್ಪದೆ ಕರೆತನ್ನಿ. ಸಾಲಿನಲ್ಲಿ ನಿಂತಿರುವಾಗ ಕರೆಂಟಿನ ಪಾಳಿ ಬಂದರೆ ಚಿಂತೆ ಬೇಡ. ಹೋಗಿ ಮೋಟಾರು ಹಾಕಿ, ನೀರು ತಿರುಗಿಸಿ ಬನ್ನಿ. ನಿಮ್ಮ ಸರದಿ ಹಾಗೇ ಇರುತ್ತದೆ.

ಇಂತಿ,
ಟಾರ್ಚಿಗೆ ಸಿಕ್ಕ ಮೇಷ್ಟ್ರು